ಆಮೆ ತೊಟ್ಟಿಯನ್ನು ಫಳಫಳ ತೊಳೆಯಬೇಡಿ

ನನ್ನ ಮೊಮ್ಮಗ ವಾರಕ್ಕೊಮ್ಮೆ ಆಮೆಯ ತೊಟ್ಟಿ ಪೂರ್ತಿ ಬರಿದು ಮಾಡಿ, ಸೋಪು ಹಾಕಿ ಉಜ್ಜಿ, "ಅಜ್ಜಿ, ಹೇಗೆ ಹೊಳೀತಿದೆ ನೋಡಿ" ಅನ್ನುತ್ತಾನೆ. ಮೂರೇ ದಿನಕ್ಕೆ ನೀರು ಮಬ್ಬು, ಗಬ್ಬು ವಾಸನೆ. ಮತ್ತೆ ಉಜ್ಜುತ್ತಾನೆ. ಹೇಳಿ ಹೇಳಿ ನನಗೂ ಸಾಕಾಗಿದೆ.

ಕಾಲು ಭಾಗ ನೀರು ತೆಗೆದು ಅಷ್ಟೇ ಹೊಸದು ಹಾಕಿ, ಸಾಕು. ಪೈಪು ತಳಕ್ಕೆ ಇಳಿಬಿಟ್ಟು ಗಲೀಜು ಎಳೆಯಿರಿ. ಬಾಯಲ್ಲಿ ಮಾತ್ರ ಎಳೆಯಬೇಡಿ, ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ, ವಾಂತಿ ಭೇದಿ ತರುವ ಬ್ಯಾಕ್ಟೀರಿಯಾ ಇರಬಹುದು. ಹೊಸ ನೀರು ಹಳೆಯದರಷ್ಟೇ ಬೆಚ್ಚಗಿರಲಿ, ಮಣಿಕಟ್ಟು ಅದ್ದಿದರೆ ಗೊತ್ತಾಗುತ್ತದೆ.

ಈಗ ಫಿಲ್ಟರಿನ ಸ್ಪಂಜು. ಇದನ್ನು ಯಾರಿಗೂ ಬಿಟ್ಟುಕೊಡದೆ ನಾನೇ ತೊಳೆಯುತ್ತೇನೆ. ತೊಟ್ಟಿಯಿಂದ ತೆಗೆದ ಹಳೆ ನೀರನ್ನು ಚೆಲ್ಲಬೇಡಿ, ಒಂದು ಬಕೆಟ್‌ನಲ್ಲಿ ಹಿಡಿದಿಡಿ. ಸ್ಪಂಜನ್ನು ಅದರಲ್ಲೇ ಮುಳುಗಿಸಿ, ಮೆತ್ತಗೆ ಎರಡು ಮೂರು ಸಲ ಅದುಮಿ. ಹಿಂಡಬೇಡಿ, ತಿರುಚಬೇಡಿ. ನೀರು ಕಂದಾಗಿ ಹೊರಬರುತ್ತದೆ. ಸ್ಪಂಜು ಇನ್ನೂ ಕಂದಾಗಿಯೇ ಇರುತ್ತದೆ, ಇರಲಿ! ಒಳಗೆ ನೀರು ಸಲೀಸಾಗಿ ಹರಿದರೆ ಆಯಿತು. ಆಮೆಯ ಹೇಲು, ಉಚ್ಚೆಯಿಂದ ಅಮೋನಿಯಾ ಅನ್ನುವ ವಿಷ ಆಗುತ್ತದಲ್ವಾ, ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ಹಾನಿ ಮಾಡದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಮನೆ ಮಾಡಿರುವುದು ಅಲ್ಲೇ. ಎರಡು ಸ್ಪಂಜಿದ್ದರೆ ಒಂದು ಸಲಕ್ಕೆ ಒಂದೇ ತೊಳೆಯಿರಿ, ಇನ್ನೊಂದನ್ನು ಮುಂದಿನ ಸಲಕ್ಕಿಡಿ. ಒಣಗಲು ಬಿಡದೆ ಕೂಡಲೇ ವಾಪಸ್ ಹಾಕಿ. ನಾನೂ ಹೊಸತರಲ್ಲಿ ನಲ್ಲಿ ಕೆಳಗೆ ಹಿಡಿದು ಬೆಳ್ಳಗಾಗುವ ತನಕ ತೊಳೆದವಳೇ. ನಲ್ಲಿ ನೀರಿನ ಕ್ಲೋರಿನ್ ಎಲ್ಲವನ್ನೂ ಕೊಂದು ಹಾಕಿತು. ಆಮೆಯ ಕಣ್ಣು ಊದಿಕೊಂಡು, ತಿನ್ನುವುದನ್ನೇ ಬಿಟ್ಟಿತ್ತು ಪಾಪ.

ನೆಲ ಒರೆಸುವ ಬಟ್ಟೆಯ ವಿಷಯ ಬೇರೆ. ಅದನ್ನು ಗಟ್ಟಿಯಾಗಿ ಹಿಂಡಿ ಬಿಸಿಲಿಗೆ ಹಾಕಬೇಕು. ಅದನ್ನು ಮಾತ್ರ ಬಕೆಟ್‌ನಲ್ಲೇ ಕೊಳೆಯಲು ಬಿಡುತ್ತೀರಿ!

ಮೀನಿಗೆ ಸಾಲುವ ಫಿಲ್ಟರು ಆಮೆಗೆ ಸಾಲದು. ತೊಟ್ಟಿಯಲ್ಲಿರುವ ನೀರಿನ ಎರಡು ಮೂರು ಪಟ್ಟು ನೀರಿಗೆ ಆಗುವಂಥದ್ದು ತನ್ನಿ. ಊಟ ಬೇರೆ ಟಬ್ಬಿನಲ್ಲಿ ಹಾಕಿದರೆ ಅರ್ಧ ಗಲೀಜು ಅಲ್ಲೇ ಉಳಿಯುತ್ತದೆ. ತೊಟ್ಟಿಯಲ್ಲೇ ಹಾಕುವುದಾದರೆ ಉಳಿದದ್ದನ್ನು ತಕ್ಷಣ ಬಲೆಯಿಂದ ತೆಗೆಯಿರಿ.

ಗಲೀಜು ನೀರನ್ನು ಹೂಗಿಡದ ಬುಡಕ್ಕೆ ಹಾಕಿ, ಗಿಡ ಚೆನ್ನಾಗಿ ಚಿಗುರುತ್ತದೆ. ಅಡುಗೆಮನೆ ಸಿಂಕಿಗೆ ಸುರಿದವರನ್ನು ಕಂಡರೆ ನಾನು ಸುಮ್ನೆ ಬಿಡುವುದಿಲ್ಲ.