ಫೈನಲಿ ಅಂದರೆ ಬರೀ ‘ಕೊನೆಗೆ’ ಅಲ್ಲ

ಸಾಫ್ಟ್‌ವೇರ್ ಕಂಪನಿಯಲ್ಲಿ ಕೈಪಿಡಿ ಬರೆಯುವ ಕೆಲಸ ನನ್ನದು. ಸೇರಿದ ಹೊಸದರಲ್ಲಿ ಕ್ಲೈಂಟ್ ಒಬ್ಬರು ಕೊನೇ ಕಂತಿನ ಫೈಲುಗಳನ್ನು ಕಳಿಸಿದ್ದರು. ನಾನು ಖುಷಿಯಿಂದ ‘ಥ್ಯಾಂಕ್ಸ್ ಫಾರ್ ಫೈನಲಿ ಸೆಂಡಿಂಗ್ ದ ಫೈಲ್ಸ್’ ಅಂತ ಉತ್ತರಿಸಿದೆ. ಮಾರನೇ ದಿನ ಬಿಗುವಾದ ಮೇಲ್ ಬಂತು. ನಾವು ಹೇಳಿದ ದಿನಕ್ಕೇ ಕಳಿಸಿದ್ದೇವಲ್ಲ, ತಡ ಎಲ್ಲಿ ಆಯ್ತು ಅಂತ.

ಮ್ಯಾನೇಜರ್ ನೋಡಿ ನಕ್ಕರು. ‘ಅಲ್ರೀ, ನೀವು ಬರೆದಿರೋದು “ಅಂತೂ ಕಳಿಸಿದ್ರಲ್ಲ, ಪುಣ್ಯ” ಅಂತ!’

ಆ ‘ಅಂತೂ’ ತಲೆಯಲ್ಲಿ ಕೂತುಬಿಟ್ಟಿತು. ಫೈನಲಿ, ಲಾಸ್ಟ್‌ಲಿ, ಅಟ್ ಲಾಸ್ಟ್, ಇವೆಂಚುವಲಿ, ನಾಲ್ಕನ್ನೂ ನಾನು ‘ಕೊನೆಗೆ’ ಅಂತಲೇ ಕಲಿತಿದ್ದೆ. ಆದರೆ ಕನ್ನಡದಲ್ಲಿ ನಾವೇನು ಎಲ್ಲ ಕಡೆ ‘ಕೊನೆಗೆ’ ಅನ್ನುತ್ತೇವಾ? ಒಂದು ಗಂಟೆ ಕಾದ ಮೇಲೆ ಬಸ್ಸು ಬಂದರೆ ‘ಅಂತೂ ಬಂತಪ್ಪ’. ಅದು ಅಟ್ ಲಾಸ್ಟ್. ಭಾಷಣ ಮುಗಿಸುವವರು ‘ಕೊನೆಯದಾಗಿ’ ಅನ್ನುತ್ತಾರೆ (ಆಮೇಲೂ ಅರ್ಧ ಗಂಟೆ ಮಾತಾಡುತ್ತಾರೆ, ಅದು ಬಿಡಿ). ಅದು ಲಾಸ್ಟ್‌ಲಿ. ‘ಇವತ್ತಲ್ಲ ನಾಳೆ ಅವನಿಗೆ ಗೊತ್ತಾಗುತ್ತೆ’ ಅನ್ನುವಾಗಿನ ‘ಇವತ್ತಲ್ಲ ನಾಳೆ’ ಇದೆಯಲ್ಲ, ಅದೇ ಇವೆಂಚುವಲಿ. ಹಿಂದೆ ನಡೆದ ಕಥೆಯಾದರೆ ‘ಏನೇನೋ ಆಗಿ ಕೊನೆಗೆ’.

ತಂಟೆ ಜಾಸ್ತಿ ಇರುವುದು ಫೈನಲಿಯದ್ದೇ. ವಾಕ್ಯದ ಮೊದಲಲ್ಲಿ, ಅಲ್ಪವಿರಾಮದ ಜೊತೆ ಬಂದರೆ ಸಾಮಾನ್ಯವಾಗಿ ‘ಕೊನೆಯದಾಗಿ’: ‘ಫೈನಲಿ, ಕ್ಲಿಕ್ ಸೇವ್.’ ಕ್ರಿಯಾಪದದ ಪಕ್ಕ ಕೂತರೆ ಸಾಕು, ಕಾದು ಸುಸ್ತಾದ ದನಿ ಬಂದುಬಿಡುತ್ತದೆ. ನನ್ನ ಮೇಲ್‌ನಲ್ಲಿ ಆಗಿದ್ದು ಇದೇ. ಅಟ್ ಲಾಸ್ಟ್‌ಗೆ ಇನ್ನೊಂದು ಹಟ: ಆಸೆಪಟ್ಟಿದ್ದು ಆಗಿರಬೇಕು. ಕಾದರೂ ಅವನು ಬರಲೇ ಇಲ್ಲ ಅನ್ನುವುದಕ್ಕೆ ಅದು ಒಗ್ಗುವುದಿಲ್ಲ, ‘ಇನ್ ದ ಎಂಡ್’ ಬೇಕು.

ಈಗಲೂ ಅನುಮಾನ ಬಂದರೆ ಮೊದಲು ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ಆಮೇಲೆ ಕೋಕಾ ಅನ್ನುವ ಅಮೆರಿಕನ್ ಇಂಗ್ಲಿಷ್ ಕಾರ್ಪಸ್ (ಜನ ನಿಜವಾಗಿ ಬಳಸಿದ ಭಾಷೆಯ ದೊಡ್ಡ ಸಂಗ್ರಹ) ತೆರೆಯುತ್ತೇನೆ. 1990ರಿಂದ 2019ರವರೆಗಿನ 100 ಕೋಟಿಗೂ ಹೆಚ್ಚು ಪದಗಳ ಬರಹ, ಮಾತು ಅದರಲ್ಲಿದೆ. ಪದ ಹಾಕಿ, ಸುಮ್ನೆ ಇಪ್ಪತ್ತು ಸಾಲು ಓದುತ್ತೇನೆ. ಅಕ್ಕಪಕ್ಕದಲ್ಲಿ ಯಾವ ಪದಗಳಿವೆ ಅಂತ ನೋಡಿದರೆ ಸಾಕು. ಅರ್ಧ ಸಲ ಆ ಪದವೇ ಬೇಡ ಅನ್ನಿಸುತ್ತದೆ. ಕೈಪಿಡಿಯಲ್ಲಿ ‘ಪೇಜ್ ಇವೆಂಚುವಲಿ ಲೋಡ್ ಆಗುತ್ತೆ’ ಅನ್ನುವ ಬದಲು ‘30 ಸೆಕೆಂಡ್ ಹಿಡಿಯಬಹುದು’ ಅಂದರೆ ಓದುವವರಿಗೂ ಸಮಾಧಾನ.

ಇಷ್ಟೆಲ್ಲ ಕಲಿತ ಮೇಲೂ ಒಮ್ಮೆ ಎಡವಿದೆ. ಜರ್ಮನಿಯ ಸಹೋದ್ಯೋಗಿಯೊಬ್ಬರು ಶುಕ್ರವಾರ ಇವೆಂಚುವಲಿ ಕಳಿಸುತ್ತೇವೆ ಅಂತ ಬರೆದಿದ್ದರು. ಹೇಗೂ ಕಳಿಸುತ್ತಾರೆ ಅಂತ ಸಂಜೆ ಏಳರವರೆಗೆ ಕಾದು ಕೂತೆ. ಜರ್ಮನ್‌ನಲ್ಲಿ ಅದನ್ನೇ ಹೋಲುವ ‘ಎವೆಂಟುಯೆಲ್’ ಅಂದರೆ ‘ಬಹುಶಃ’ ಅಂತೆ! ಈಗ ಅವರ ಮೇಲ್‌ನಲ್ಲಿ ಆ ಪದ ಕಂಡರೆ, ಬರುತ್ತೋ ಇಲ್ವೋ ಅಂತ ಮೊದಲೇ ಕೇಳಿಬಿಡುತ್ತೇನೆ.