ಜಾಲರಿ ಹಿಂದಿನ ಚಿರತೆ: ನಾನು ಫೋಟೊ ತೆಗೆಯುವ ರೀತಿ

ಮೃಗಾಲಯದಲ್ಲಿ ಕ್ಯಾಮೆರಾ ಹಿಡಿದಾಗ ನಾನು ಮೊದಲು ನೋಡುವುದು ತಂತಿಯನ್ನು. ಪ್ರಾಣಿ ಆಮೇಲೆ. ತಂತಿ ಮೇಲೆ ಬಿಸಿಲು ಬಿದ್ದಿದ್ದರೆ ಆ ಕಡೆ ನಿಲ್ಲುವುದೇ ಇಲ್ಲ, ಯಾಕೆಂದರೆ ಹೊಳೆಯುವ ತಂತಿ ಇಡೀ ಚಿತ್ರಕ್ಕೆ ಬಿಳಿ ಮಬ್ಬು ಬಳಿಯುತ್ತದೆ, ಲೆನ್ಸ್ ಎಷ್ಟೇ ದುಬಾರಿಯಾಗಿರಲಿ. ಪುಣೆಯ ಕಾತ್ರಜ್ ಮೃಗಾಲಯಕ್ಕೆ ಹೋದಾಗೆಲ್ಲ ಜಾಸ್ತಿ ಹೊತ್ತು ಹೋಗುವುದು ಇದಕ್ಕೇ. ಮರದ ನೆರಳು ಜಾಲರಿ ಮೇಲೆ ಬಿದ್ದಿರಬೇಕು, ಪ್ರಾಣಿ ಬೆಳಕಲ್ಲಿರಬೇಕು. ಅಂಥ ಜಾಗ ಸಿಗುವ ತನಕ ಸುತ್ತುತ್ತೇನೆ.

ಹುಲಿಗಾದರೆ ಕಂದಕ ತೋಡಿ ಎದುರು ಬಯಲಾಗಿ ಬಿಡಬಹುದು. ಮರ ಹತ್ತುವ ಚಿರತೆಗೆ, ಕೋತಿಗೆ ಹಾಗೆ ಆಗುವುದಿಲ್ಲ ಅಲ್ವಾ? ಅಲ್ಲಿ ಲೆನ್ಸನ್ನೇ ನಂಬಬೇಕು. ದೂರದ್ದನ್ನು ಹತ್ತಿರ ತೋರಿಸುವ 200 ಮಿ.ಮೀ. ಲೆನ್ಸನ್ನು ಎಫ್ 4ಕ್ಕೆ ಇಟ್ಟರೆ (ಈ ಎಫ್ ಅಂಕೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು) ಬೆಳಕು ಬರುವ ಬಾಯಿ 50 ಮಿ.ಮೀ. ಅಗಲ. ಅದರ ಮುಂದೆ 3 ಮಿ.ಮೀ. ತಂತಿ ಎಷ್ಟು ತಾನೇ ಮರೆ ಮಾಡೀತು? ಅಕ್ಕಪಕ್ಕದಿಂದ ನುಗ್ಗಿದ ಬೆಳಕೇ ಚಿತ್ರ ಕಟ್ಟುತ್ತದೆ, ತಂತಿ ಕರಗಿ ಹೋಗುತ್ತದೆ. ಎಫ್ 16ಕ್ಕೆ ಹೋದರೆ ಬಾಯಿ 12.5 ಮಿ.ಮೀ.ಗೆ ಇಳಿಯುತ್ತದೆ, ತಂತಿ ಗೆರೆಗೆರೆಯಾಗಿ ಮೂಡುತ್ತದೆ.

ನಾವು ಜಾಲರಿಗೆ ಹತ್ತಿರ ಇದ್ದಷ್ಟೂ, ಪ್ರಾಣಿ ಅದರಿಂದ ದೂರ ಇದ್ದಷ್ಟೂ ಒಳ್ಳೆಯದು. ಆದರೆ ಮುಂದಿನ ಕಟಕಟೆ ದಾಟಿ ಕೈ ಚಾಚಲೇಬೇಡಿ. ಅದು ನಮಗೂ ಅಪಾಯ, ಪ್ರಾಣಿಗೂ ಹಿಂಸೆ. ಚಿರತೆ ಬಲೆಗೆ ಅಂಟಿಕೊಂಡೇ ಮಲಗಿದ್ದರೆ ನಾನು ಕ್ಯಾಮೆರಾ ಇಳಿಸಿ ಸುಮ್ನೆ ಕಾಯುತ್ತೇನೆ. ಅದು ಎದ್ದು ಆವರಣದ ಹಿಂಬದಿಗೆ ನಡೆದಾಗಲೇ ನನ್ನ ಕೆಲಸ ಶುರು.

ಫೋಕಸ್ ತಂತಿಗೇ ಕಚ್ಚಿಕೊಳ್ಳುತ್ತದೆ. ಅದಕ್ಕೆ ಒಂದೇ ಚುಕ್ಕಿಯ ಫೋಕಸ್ ಇಟ್ಟು ಜಾಲರಿಯ ಕಣ್ಣಿನ ನಡುವಿಂದ ಪ್ರಾಣಿಯ ಕಣ್ಣಿಗೆ ಹಿಡಿಯುತ್ತೇನೆ. ಆಗಲೂ ಹಿಡಿಯದಿದ್ದರೆ ಲೆನ್ಸಿನ ಫೋಕಸ್ ಬಳೆಯನ್ನು ಕೈಯಿಂದಲೇ ತಿರುಗಿಸುತ್ತೇನೆ. ಫ್ಲ್ಯಾಶ್ ಬೇಡವೇ ಬೇಡ. ಪ್ರಾಣಿ ಬೆಚ್ಚುತ್ತದೆ, ತಂತಿಯೂ ಬೆಳಗುತ್ತದೆ.

ಅಣ್ಣನ ಮಗ ಪಕ್ಕದಲ್ಲೇ ಮೊಬೈಲ್ ಹಿಡಿದು, "ಕಾಕಾ, ನಿಮ್ಮ ಫೋಟೊದಲ್ಲಿ ತಂತಿ ಇಲ್ಲ, ನನ್ನದರಲ್ಲಿ ಯಾಕಿದೆ?" ಅಂತ ಕೇಳಿದ. ಮೊಬೈಲ್ ಲೆನ್ಸಿನ ಬಾಯಿ ಕೆಲವೇ ಮಿ.ಮೀ., ತಂತಿ ಅದನ್ನು ಪೂರ್ತಿ ಮುಚ್ಚಿಬಿಡಬಲ್ಲದು. ಜಾಲರಿಯ ತೂತಿಗೆ ಲೆನ್ಸ್ ತಾಗಿಸಿದರೆ ಸರಿಹೋಗುತ್ತದೆ, ಆದರೆ ಚಿರತೆಯ ಮುಂದೆ ಅದು ಆಗದ ಮಾತು. ಅವನನ್ನು ಜಾಲರಿಯೇ ಇಲ್ಲದ ಆನೆಯ ಕಡೆ ಕಳಿಸಿದೆ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಸ್ವಲ್ಪ ಏರಿಸಿ, ಕಪ್ಪು ಬಣ್ಣ ಗಾಢ ಮಾಡಿದರೆ ಉಳಿದ ಮಬ್ಬು ಹೋಗುತ್ತದೆ. ಹಿಂದಿನ ಎಲೆಗಳ ಮೇಲೆ ಬಿಸಿಲಿನ ಚುಕ್ಕಿಗಳಿದ್ದರೆ ಮಾತ್ರ ಅವುಗಳೊಳಗೆ ಜಾಲರಿಯ ಗುರುತು ಉಳಿದೇ ಉಳಿಯುತ್ತದೆ. ಅದನ್ನು ತೆಗೆಯಲು ಒದ್ದಾಡುವ ಬದಲು ಅಲ್ಲೇ ಒಂದು ಹೆಜ್ಜೆ ಸರಿದು, ಹಿನ್ನೆಲೆಗೆ ನೆರಳು ಬರುವ ಹಾಗೆ ನಿಲ್ಲಿ.