ಡಾಕ್ಟ್ರಿಗೆ ಕಂಪ್ಯೂಟರ್ ನೆನಪು ಮಾಡಿಕೊಡಲಿ: ಸಣ್ಣ ದವಾಖಾನೆಯಲ್ಲಿ ಶುರು ಮಾಡುವುದು ಹೇಗೆ?

ಸಂತೆ ದಿನ ಜಮಖಂಡಿ ಕಡೆಯ ಯಾವುದಾದರೂ ಸಣ್ಣ ದವಾಖಾನೆಗೆ ಹೋಗಿ ನೋಡಿ. ಹೊರಗೆ ಬೆಂಚು ತುಂಬಿರುತ್ತದೆ, ಒಳಗೆ ಒಬ್ಬರೇ ಡಾಕ್ಟ್ರು. ಮಂಡಿನೋವು ಅಂತ ಬಂದ ಕಾಕಾನಿಗೆ ಎಷ್ಟೋ ವರ್ಷದಿಂದ ಶುಗರ್ ಇರುತ್ತದೆ. ನೋವಿಗೆ ಗುಳಿಗೆ ಸಿಗುತ್ತದೆ, ಕಾಕಾ ಬಸ್ಸು ಹಿಡಿಯುತ್ತಾರೆ. ವರ್ಷಕ್ಕೊಮ್ಮೆಯಾದರೂ ನೋಡಬೇಕಾದ ಪಾದ, ಕಣ್ಣು, ಮೂತ್ರದ ಆಲ್ಬುಮಿನ್ (ಕಿಡ್ನಿ ತೊಂದರೆಯ ಸುಳಿವು ಕೊಡುವ ಪ್ರೋಟೀನ್) ಹಾಗೇ ಉಳಿಯುತ್ತವೆ. ಡಾಕ್ಟ್ರಿಗೆ ಇದೆಲ್ಲ ಗೊತ್ತಿರುತ್ತದೆ. ಆ ಗದ್ದಲದಲ್ಲಿ ನೆನಪಾಗುವುದಿಲ್ಲ, ಅಷ್ಟೇ.

ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕ್ಲೆಮೆಂಟ್ ಮೆಕ್‌ಡೊನಾಲ್ಡ್ ಎಂಬ ವೈದ್ಯರು ಇಂಥದ್ದನ್ನು ಕಂಪ್ಯೂಟರ್ ನೆನಪಿಸಿದರೆ ಏನಾಗುತ್ತದೆ ಎಂದು 1976ರಲ್ಲೇ ಪರೀಕ್ಷಿಸಿ ನೋಡಿದ್ದರು. ಕಂಪ್ಯೂಟರ್ ಸೂಚನೆ ಕೊಟ್ಟಾಗ ವೈದ್ಯರು ಗಮನಿಸಬೇಕಾದ ನೂರು ಸಂದರ್ಭಗಳಲ್ಲಿ 51ಕ್ಕೆ ಸ್ಪಂದಿಸಿದರು, ಕೊಡದಿದ್ದಾಗ 22ಕ್ಕೆ ಮಾತ್ರ. ಆದರೆ ಎಲ್ಲ ಕಡೆ ಇಷ್ಟು ಲಾಭ ಸಿಗುವುದಿಲ್ಲ. 2009ರಲ್ಲಿ 28 ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ಎಂಬ ಸಂಶೋಧಕರ ಜಾಲದ ವಿಮರ್ಶೆಯಲ್ಲಿ ಕಂಡ ಸುಧಾರಣೆಗಳನ್ನು ಸಾಲಾಗಿಟ್ಟರೆ ನಡುವೆ ಬರುವ ಅಂಕಿ ನೂರಕ್ಕೆ ಸುಮಾರು 4. ಅಂದರೆ ಕಂಪ್ಯೂಟರ್ ತಂದಿಟ್ಟರೆ ಸಾಲದು, ಸೂಚನೆಯನ್ನು ಹೇಗೆ ಕೊಡುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ.

ಮೊದಲ ಕೆಲಸ, ಸೂಚನೆಗಳನ್ನು ಆರಿಸುವುದು. ಇಲ್ಲಿ ಜಿಪುಣರಾಗಿ. ನಾಲ್ಕೈದು ಸಾಕು. ಶುಗರ್ ಇರುವವರಿಗೆ ವರ್ಷಕ್ಕೊಮ್ಮೆ ಪಾದ, ಕಣ್ಣು, ಮೂತ್ರ. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಶುಗರ್ ಹತೋಟಿಯಲ್ಲಿದ್ದರೆ ಆರು ತಿಂಗಳಿಗೆ, ಇಲ್ಲದಿದ್ದರೆ ಮೂರು ತಿಂಗಳಿಗೆ. ಔಷಧ ತೆಗೆದುಕೊಳ್ಳುತ್ತಿದ್ದರೂ ಬಿಪಿ 140/90ಕ್ಕಿಂತ ಮೇಲಿದ್ದರೆ ಒಂದು ಸೂಚನೆ. ಎರಡು ವಾರ ಮೀರಿದ ಕೆಮ್ಮಿಗೆ, ಕ್ಷಯ ಇದೆಯೇ ಎಂದು ನೋಡಲು ಕಫ ಪರೀಕ್ಷೆ. ಬೇಧಿಯಾದ ಮಗುವಿಗೆ ಓಆರ್‌ಎಸ್ ಜೊತೆಗೆ 14 ದಿನದ ಝಿಂಕ್, ಯಾಕೆಂದರೆ ಎರಡು ದಿನಕ್ಕೆ ಬೇಧಿ ನಿಂತರೆ ಝಿಂಕ್ ಮರೆತೇ ಹೋಗುತ್ತದೆ. ಯಾವುದನ್ನು ಇಡಬೇಕು ಅನ್ನುವುದನ್ನು ಡಾಕ್ಟ್ರೇ ತೀರ್ಮಾನಿಸಲಿ. ಸಾಫ್ಟ್‌ವೇರ್ ಮಾರುವವರು ಹೇಳಿದ್ದನ್ನೆಲ್ಲ ಹಾಕಿಕೊಂಡರೆ ತಲೆನೋವು ಗ್ಯಾರಂಟಿ. ಆಸ್ಪತ್ರೆಗಳ ಔಷಧ ಎಚ್ಚರಿಕೆಗಳಲ್ಲಿ ನೂರಕ್ಕೆ 49ರಿಂದ 96ರವರೆಗೆ ವೈದ್ಯರು ಬದಿಗೆ ಸರಿಸುತ್ತಾರೆ ಎಂದು 2006ರ ಒಂದು ವಿಮರ್ಶೆ ಹೇಳಿತ್ತು. ಬೆಳಗಿನಿಂದ ಕೂಗುವ ಹಾರ್ನ್ ಕಿವಿಗೆ ಬೀಳುವುದೇ ಇಲ್ಲ, ಅಲ್ವಾ?

ಎರಡನೆಯದು ಪಟ್ಟಿ. ನಿಜವಾದ ಬೆವರು ಸುರಿಯುವುದು ಇಲ್ಲೇ. ದೊಡ್ಡ ಸಾಫ್ಟ್‌ವೇರ್ ಇಲ್ಲದಿದ್ದರೆ ಎಕ್ಸೆಲ್ ಸಾಕು, ಲಿಬ್ರೆಆಫೀಸ್ ಆದರೆ ಪುಕ್ಕಟೆ. ಒಬ್ಬರಿಗೆ ಒಂದೇ ಸಾಲು. ನಮ್ಮ ಕಡೆ ಒಂದೇ ಊರಲ್ಲಿ ನಾಲ್ಕು ಜನ ಬಸವರಾಜ ಪಾಟೀಲರು ಸಿಗುತ್ತಾರೆ. ಬೆಳಗಾವಿ, ಚಿಕ್ಕೋಡಿ ಕಡೆ ಒಂದೇ ಹೆಸರನ್ನು ಕನ್ನಡದವರು ಒಂದು ರೀತಿ, ಮರಾಠಿಯವರು ಇನ್ನೊಂದು ರೀತಿ ಬರೆಸುತ್ತಾರೆ. ಹಾಗಾಗಿ ಹೆಸರಿನ ಮೇಲೆ ಹುಡುಕಬೇಡಿ. 14 ಅಂಕಿಯ ಆಭಾ ನಂಬರ್ (ಕೇಂದ್ರ ಸರ್ಕಾರದ ಆರೋಗ್ಯ ಗುರುತಿನ ಸಂಖ್ಯೆ) ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಫೋನ್ ನಂಬರ್, ವಯಸ್ಸು, ತಂದೆ ಅಥವಾ ಗಂಡನ ಹೆಸರು, ಓಣಿ ಸೇರಿಸಿ. ಫೋನ್ ನಂಬರ್ ಒಂದನ್ನೇ ನಂಬಿದರೆ ಕೆಲಸ ಕೆಡುತ್ತದೆ, ಎಷ್ಟೋ ಮನೆಗಳಲ್ಲಿ ಇಡೀ ಕುಟುಂಬಕ್ಕೆ ಮಗನ ನಂಬರ್ ಒಂದೇ.

ಮುಂದಿನ ಕಾಲಂಗಳಲ್ಲಿ ಪ್ರತಿ ಪರೀಕ್ಷೆ ಕೊನೆಗೆ ನಡೆದ ದಿನಾಂಕ ಇರಲಿ. ಇವತ್ತಿನ ದಿನಾಂಕದಿಂದ ಅದನ್ನು ಕಳೆದು, ವರ್ಷಕ್ಕೊಮ್ಮೆಯ ಪರೀಕ್ಷೆಗೆ 365 ದಿನ, ಎಚ್‌ಬಿಎ1ಸಿಗೆ ಅದರದೇ ಮೂರು ಅಥವಾ ಆರು ತಿಂಗಳು ದಾಟಿದ್ದರೆ ಆ ಮನೆ (ಸೆಲ್) ಕೆಂಪಾಗುವಂತೆ ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ, ಅಂದರೆ ಷರತ್ತಿಗೆ ತಕ್ಕಂತೆ ಬಣ್ಣ ಬದಲಿಸುವ ಸೌಲಭ್ಯದಲ್ಲಿ, ನಿಯಮ ಹಾಕಿ. ಎರಡು ಕಡೆ ಹುಷಾರಾಗಿರಿ. 05-06 ಎಂದು ಬರೆದರೆ ಕಂಪ್ಯೂಟರ್ ಅದನ್ನು ಜೂನ್ 5 ಅಂತಲೂ ತಿಳಿಯಬಹುದು, ಮೇ 6 ಅಂತಲೂ ತಿಳಿಯಬಹುದು. ತಿಂಗಳ ಹೆಸರನ್ನೇ ಬರೆಯುವಂತೆ ಸೆಟ್ಟಿಂಗ್ ಮಾಡಿ. ಇನ್ನೊಂದು, ಖಾಲಿ ಮನೆಯೂ ಕೆಂಪಾಗುತ್ತದೆಯೇ ನೋಡಿ. ಪರೀಕ್ಷೆಯನ್ನೇ ಮಾಡಿಸದವರು ಪಟ್ಟಿಯಿಂದ ಜಾರಿಹೋದರೆ ಇಷ್ಟೆಲ್ಲ ಮಾಡಿ ಏನು ಉಪಯೋಗ?

ಸೂಚನೆ ಯಾವಾಗ ಕಾಣಬೇಕು? ರೋಗಿ ಡಾಕ್ಟ್ರ ಮುಂದೆ ಕೂತಿರುವಾಗಲೇ. ಡಾಕ್ಟ್ರು ಮಾನಿಟರ್ ನೋಡುವವರಲ್ಲದಿದ್ದರೆ ಒತ್ತಾಯ ಮಾಡಬೇಡಿ. ಹೊರಗೆ ಹೆಸರು ಬರೆಸಿಕೊಳ್ಳುವ ಸಿಸ್ಟರ್ ಕೆಂಪು ಮನೆ ನೋಡಿ, ಚೀಟಿಯ ಮೇಲ್ಭಾಗದಲ್ಲಿ ಒಂದು ಸಾಲು ಬರೆದು ಕೊಡಲಿ. ಬಿಪಿಯನ್ನು ಅಲ್ಲೇ ನೋಡಬಹುದು, ಶುಗರ್ ಇದ್ದವರಿಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಎನ್ನಬಹುದು. ಪಾದ ಕಣ್ಣೆದುರಿಗೆ ಇದ್ದರೆ ಪರೀಕ್ಷೆ ತಾನಾಗೇ ಆಗುತ್ತದೆ. ನನ್ನ ಲೆಕ್ಕದಲ್ಲಿ ಇದು ಎಷ್ಟೋ ದುಬಾರಿ ಸಾಫ್ಟ್‌ವೇರ್‌ಗಳಿಗಿಂತ ಮೇಲು.

ಆ ಒಂದು ಸಾಲು ಹೇಗಿರಬೇಕು ಎನ್ನುವುದೂ ಮುಖ್ಯ. ‘ಬಿಪಿ ಮಾರ್ಗಸೂಚಿ ಪಾಲಿಸಿ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಹೋದ ಸಲ 158/96, ಇವತ್ತು 154/94, ಬಿಪಿ ಗುಳಿಗೆ ಆಮ್ಲೊಡಿಪಿನ್ 5, ಬದಲಾಗಿಲ್ಲ’ ಎಂದು ಬರೆದರೆ ಮುಂದೇನು ಮಾಡಬೇಕು ಎಂದು ಡಾಕ್ಟ್ರಿಗೆ ಥಟ್ಟನೆ ಹೊಳೆಯುತ್ತದೆ. ಬಿಪಿ ಇಳಿಯದಿದ್ದರೂ ಹಳೇ ಗುಳಿಗೆಯನ್ನೇ ಮುಂದುವರಿಸುವುದು ಎಲ್ಲ ಕಡೆ ಇರುವ ರೂಢಿ. ಮಂಡಿನೋವಿನ ಕಾಕಾನ ಚೀಟಿಯಲ್ಲಿ ‘ಕಿಡ್ನಿ ತೊಂದರೆ ಇದೆ’ ಎಂದಿದ್ದರೆ, ಕಿಡ್ನಿಗೆ ಹೊರೆಯಾಗುವ ನೋವಿನ ಗುಳಿಗೆ ಡೈಕ್ಲೋಫೆನಾಕ್ ಬರೆಯುವ ಕೈ ಒಮ್ಮೆ ನಿಲ್ಲುತ್ತದೆ.

ಬೇಡ ಎನ್ನುವ ಹಕ್ಕು ಡಾಕ್ಟ್ರಿಗೆ ಇರಲೇಬೇಕು. ಮಾರ್ಗಸೂಚಿ ಬರೆದವರಿಗೆ ಎದುರಿಗೆ ಕೂತ ಮನುಷ್ಯನ ಪರಿಚಯ ಇಲ್ಲ. ಆದರೆ ಬೇಡ ಎಂದದ್ದು ಯಾಕೆ ಎಂದು ಎರಡು ಪದ ಬರೆಯಲಿ: ಆಗಿದೆ, ರೋಗಿ ಒಪ್ಪಲಿಲ್ಲ, ಈಗ ಸೂಕ್ತವಲ್ಲ. ತಿಂಗಳ ಕೊನೆಗೆ ಅದನ್ನು ಎಣಿಸಿ. ‘ಆಗಿದೆ’ ಜಾಸ್ತಿ ಬಂದರೆ ದಿನಾಂಕ ತುಂಬುವಲ್ಲಿ ಲೋಪ ಇದೆ. ‘ಸೂಕ್ತವಲ್ಲ’ ಜಾಸ್ತಿ ಬಂದರೆ ನಿಯಮವೇ ಸರಿ ಇಲ್ಲ, ತಿದ್ದಿ ಅಥವಾ ತೆಗೆದುಹಾಕಿ. ಹೊಸದೊಂದು ಸೂಚನೆ ಸೇರಿಸುವ ಮುಂಚೆ ಹಳೆಯದೊಂದನ್ನು ತೆಗೆಯುವ ಅಭ್ಯಾಸ ಒಳ್ಳೆಯದು.

ಕಂಪ್ಯೂಟರ್‌ಗೆ ಪಾಸ್‌ವರ್ಡ್ ಇರಲಿ, ಪಟ್ಟಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಕರೆಂಟ್ ಹೋದರೆ ಎಂದು ಆ ದಿನದ ಕೆಂಪು ಹೆಸರುಗಳನ್ನು ಬೆಳಗ್ಗೆಯೇ ಪ್ರಿಂಟ್ ತೆಗೆದಿಡಿ.

ಬಂದವರ ಮಾತಾಯಿತು, ಬಾರದವರನ್ನು ಏನು ಮಾಡುವುದು? 2017ರಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ಬಳಸುವ ಸಿಂಪಲ್ ಆ್ಯಪ್, ತಾರೀಖು ತಪ್ಪಿಸಿದವರ ಪಟ್ಟಿಯನ್ನು ತಾನೇ ತೆಗೆದು ಕೊಡುತ್ತದೆ. ಸಿಸ್ಟರ್ ಫೋನ್ ಮಾಡುತ್ತಾರೆ. ನಿಮ್ಮ ಎಕ್ಸೆಲ್‌ನಲ್ಲೂ ಇದನ್ನು ಮಾಡಬಹುದು, ‘ಮುಂದಿನ ಭೇಟಿ’ ಎಂಬ ಒಂದು ಕಾಲಂ ಸಾಕು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿಯಂಥ ಕಡೆ ಇನ್ನೊಂದು ಕಾಲಂ ಬೇಕಾಗುತ್ತದೆ: ‘ದುಡಿಯಲು ಹೊರಗೆ ಹೋಗುತ್ತಾರೆಯೇ, ಯಾವಾಗ?’ ಕಬ್ಬು ಕಡಿಯಲು ಅಥವಾ ಗೋವಾ, ಮಹಾರಾಷ್ಟ್ರಕ್ಕೆ ಹೊರಡುವವರ ಹೆಸರು ದೀಪಾವಳಿಗೆ ಮೊದಲೇ ಕೆಂಪಾಗಲಿ. ಪರೀಕ್ಷೆ ಮುಗಿಸಿ, ಹೆಚ್ಚಿನ ದಿನದ ಗುಳಿಗೆ ಕೊಟ್ಟು, ಔಷಧದ ಹೆಸರು ಬರೆದ ಚೀಟಿಯನ್ನು ಕೈಗಿಟ್ಟು ಕಳಿಸಬಹುದು.